ಟಾರ್ಗೆಟ್ ಮೆತ್ತಗೆ ಬಿಡುವ ಕ್ಲಬ್‌ಗಳು: ಟ್ರ್ಯಾಪ್‌ನಲ್ಲಿ ನಿಯಮ ನೋಡಿಕೊಳ್ಳುವವರು ಯಾರು?

ಹದಿನಾರು ಗಜ (ಮಿಡ್‌ವೆಸ್ಟ್, ಅಮೆರಿಕ)

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಕೋವಿ ಹಿಡಿಯುವವರು ಸುಮಾರು ಜನ ಇದ್ದೀರಿ, ಊರಲ್ಲಿ ಬಂಕರ್ ಟ್ರ್ಯಾಪ್ (ಒಲಿಂಪಿಕ್ಸ್‌ನಲ್ಲಿ ಇರುವ ಥರ) ಹೊಡೆಯುವವರೂ ಇದ್ದೀರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಟ್ರ್ಯಾಪ್ ಅಂದರೆ ಯಂತ್ರ ಗಾಳಿಗೆ ಎಸೆಯುವ ತಟ್ಟೆಯಂಥ ಟಾರ್ಗೆಟ್ (ಕ್ಲೇ) ಅನ್ನು ಕೋವಿಯಿಂದ ಒಡೆಯುವ ಆಟ. ನಾನು ಹೊಡೆಯುವುದು ಅಮೆರಿಕನ್ ಟ್ರ್ಯಾಪ್, ಅಮೆಚೂರ್ ಟ್ರ್ಯಾಪ್‌ಶೂಟಿಂಗ್ ಅಸೋಸಿಯೇಷನ್ (ಎಟಿಎ) ನಿಯಮದ ಪ್ರಕಾರ. ಮೊನ್ನೆ ಪಕ್ಕದ ರಾಜ್ಯದ ಒಂದು ಕ್ಲಬ್‌ಗೆ ಹೋಗಿದ್ದೆ, ಹೆಸರು ಬೇಡ. ಮೊದಲ ಐದು ಟಾರ್ಗೆಟ್ ನೋಡಿದಾಗಲೇ ಗೊತ್ತಾಯಿತು. ಎಡಕ್ಕೂ ಬಲಕ್ಕೂ ಸರಿಯಾಗಿ ತಿರುಗುತ್ತಲೇ ಇಲ್ಲ, ಎಲ್ಲಾ ನೆಟ್ಟಗೆ ಮುಂದಕ್ಕೇ ಹೋಗುತ್ತಿವೆ. ವೇಗ ಕೂಡ ಕಡಿಮೆ. ಮಧ್ಯಾಹ್ನದ ಹೊತ್ತಿಗೆ ನೂರಕ್ಕೆ ನೂರು ಹೊಡೆದವರ ಪಟ್ಟಿ ಬೋರ್ಡ್ ಮೇಲೆ ಉದ್ದ ಬೆಳೆದಿತ್ತು. ನಾನೂ ಚೆನ್ನಾಗಿಯೇ ಹೊಡೆದೆ, ಸೋತ ಹೊಟ್ಟೆಕಿಚ್ಚಿಗೆ ಬರೆಯುತ್ತಿಲ್ಲ.

ಶೂಟ್ ನಡೆಸುತ್ತಿದ್ದವರ ಹತ್ತಿರ ಹೋಗಿ ಮರ್ಯಾದೆಯಿಂದಲೇ ಕೇಳಿದೆ, ಬೆಳಿಗ್ಗೆ ಅಳತೆ ಮಾಡಿದ್ದೀರಾ ಅಂತ. ಅವರು ಹೇಳಿದ್ದು ಇಷ್ಟು: "ಎಲ್ಲರಿಗೂ ಒಂದೇ ಟಾರ್ಗೆಟ್ ತಾನೆ, ನಿಮಗೇನು ನಷ್ಟ?"

ಈ ಮಾತು ನಾನು ಬೇರೆ ಬೇರೆ ಕ್ಲಬ್‌ಗಳಲ್ಲಿ ಕೇಳಿದ್ದೇನೆ. ಕೇಳಲು ನ್ಯಾಯವಾಗಿ ಕಾಣುತ್ತದೆ. ಆದರೆ ಪೂರ್ತಿ ತಪ್ಪು. ಆ ದಿನ, ಆ ಕ್ಲಬ್‌ನಲ್ಲಿ ಮಾತ್ರ ಎಲ್ಲರಿಗೂ ಒಂದೇ. ನಮ್ಮ ಸ್ಕೋರ್ ಅಲ್ಲಿಗೇ ಮುಗಿಯುವುದಿಲ್ಲ ಅಲ್ವಾ? ನೋಂದಾಯಿತ ಶೂಟ್‌ನ ಪ್ರತಿ ಸ್ಕೋರ್ ದಾಖಲೆಗೆ ಹೋಗುತ್ತದೆ. ಸರಾಸರಿ ಅದರಿಂದ, ಕ್ಲಾಸ್ (ನಾವು ಸ್ಪರ್ಧಿಸುವ ಮಟ್ಟದ ಗುಂಪು) ಅದರಿಂದ, ಹ್ಯಾಂಡಿಕ್ಯಾಪ್‌ನಲ್ಲಿ ಎಷ್ಟು ಗಜ ಹಿಂದೆ ನಿಲ್ಲಬೇಕು ಅನ್ನುವುದೂ ಅದರಿಂದಲೇ. ಮೆತ್ತಗೆ ಬಿಡುವ ಕ್ಲಬ್‌ನಲ್ಲಿ ಬೆಳೆದವನು ತನ್ನ ಶಕ್ತಿಗೆ ಮೀರಿದ ಕ್ಲಾಸ್‌ಗೆ ಏರುತ್ತಾನೆ, ಬೇರೆ ಕಡೆ ಹೋದಾಗ ಏಟು ತಿನ್ನುತ್ತಾನೆ. ನಿಯಮದಂತೆ ಟಾರ್ಗೆಟ್ ಬಿಡುವ ಕ್ಲಬ್‌ನಿಂದ ಬಂದವನು ಕೆಳಗಿನ ಕ್ಲಾಸ್‌ನಲ್ಲೇ ಉಳಿದು, ಮೆತ್ತಗಿನ ಕ್ಲಬ್‌ಗೆ ಬಂದ ದಿನ ಬಹುಮಾನ ಬಾಚಿಕೊಂಡು ಹೋಗುತ್ತಾನೆ. ಇಬ್ಬರೂ ಮೋಸ ಮಾಡಿಲ್ಲ. ಮೋಸ ಆಗಿರುವುದು ಯಂತ್ರ ಇಟ್ಟಿರುವ ಟ್ರ್ಯಾಪ್ ಮನೆಯೊಳಗೆ.

ಟಾರ್ಗೆಟ್ ಕಷ್ಟ ಮಾಡಿ ಅಂತ ನಾನು ಕೇಳುತ್ತಿಲ್ಲ. ಪುಸ್ತಕದಲ್ಲಿ ಬರೆದಿರುವ ಟಾರ್ಗೆಟ್ ಬಿಡಿ, ಎಲ್ಲಾ ಕಡೆ ಅದನ್ನೇ ಬಿಡಿ ಅಂತ ಕೇಳುತ್ತಿದ್ದೇನೆ. ನಿಮ್ಮ ಅನುಭವ ಏನು?

---

ಕೋವಿಮನೆ (ಕೊಡಗು)

ಸರ್, ನಾನು ಟ್ರ್ಯಾಪ್ ಹೊಡೆದವನಲ್ಲ, ಟಿವಿಯಲ್ಲಿ ಒಲಿಂಪಿಕ್ಸ್ ನೋಡಿದ್ದೇನೆ ಅಷ್ಟೇ. ನಮ್ಮ ಕಡೆ ಕೈಲ್‌ಪೊಳ್ದ್ ಹಬ್ಬದ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ಕಾಯಿ ಕಟ್ಟಿದ ಜಾಗ ಎಲ್ಲರಿಗೂ ಕಾಣುತ್ತದೆ, ದೂರ ಎಲ್ಲರ ಎದುರೇ ಅಳೆಯುತ್ತಾರೆ. ಆಮೇಲೆ ಆ ವಿಷಯದಲ್ಲಿ ಗಲಾಟೆ ಮಾಡಲು ಜಾಗ ಇರುವುದಿಲ್ಲ. ಹಾರಿ ಹೋಗುವ ಟಾರ್ಗೆಟ್‌ನಲ್ಲಿ ಕಷ್ಟ, ಸುಲಭ ಅಂತ ಹೇಗೆ ಅಳೆಯುತ್ತೀರಿ? ಸ್ವಲ್ಪ ಬಿಡಿಸಿ ಹೇಳಿ.

---

ಹದಿನಾರು ಗಜ

ಒಳ್ಳೆಯ ಪ್ರಶ್ನೆ. ಎಲ್ಲರ ಎದುರು ಅಳೆಯುತ್ತಾರೆ ಅಂದಿರಲ್ಲ, ನನ್ನ ಇಡೀ ತಕರಾರು ಅದರ ಬಗ್ಗೆಯೇ.

ನೆಲಮಟ್ಟಕ್ಕೆ ತಗ್ಗಾಗಿ ಒಂದು ಸಣ್ಣ ಮನೆ ಇರುತ್ತದೆ, ಅದರೊಳಗೆ ಒಂದೇ ಯಂತ್ರ. ಅದು ಎಡ ಬಲ ಓಲಾಡುತ್ತಲೇ ಇರುತ್ತದೆ. ನಾವು ಕರೆದ ಕ್ಷಣದಲ್ಲಿ ಯಾವ ಕಡೆ ಮುಖ ಮಾಡಿದೆಯೋ ಆ ಕಡೆಗೆ ಕ್ಲೇ ಎಸೆಯುತ್ತದೆ. ಹಿಂದೆ 16 ಗಜದಲ್ಲಿ ಐದು ಪೋಸ್ಟ್‌ಗಳು, ಒಂದೊಂದರಲ್ಲಿ ಐದು ಶಾಟ್, ಒಟ್ಟು 25ಕ್ಕೆ ಒಂದು ರೌಂಡ್. ಹ್ಯಾಂಡಿಕ್ಯಾಪ್ ಆಟದಲ್ಲಿ ಚೆನ್ನಾಗಿ ಹೊಡೆದಷ್ಟೂ ಹಿಂದೆ ಕಳಿಸುತ್ತಾರೆ, 27 ಗಜದವರೆಗೆ. 100ಕ್ಕೆ 96 ಅಥವಾ ಅದಕ್ಕಿಂತ ಜಾಸ್ತಿ ಹೊಡೆದರೆ ತಾನಾಗಿಯೇ ಹಿಂದೆ ಹೋಗಬೇಕು.

ಟಾರ್ಗೆಟ್‌ಗೆ ಮೂರು ಅಳತೆ. ಗಾಳಿ ಇಲ್ಲದಾಗ, ಸಮತಟ್ಟು ನೆಲದಲ್ಲಿ ಸುಮಾರು 50 ಗಜ ದೂರ ಹೋಗಬೇಕು. ಯಂತ್ರದಿಂದ 10 ಗಜ ಮುಂದೆ ಸುಮಾರು 9 ಅಡಿ ಎತ್ತರದಲ್ಲಿ ಇರಬೇಕು. ಮೂರನೆಯದು ಕೋನ: ಮಧ್ಯದ ಪೋಸ್ಟ್‌ನಿಂದ ಯಂತ್ರದ ಮೇಲೆ ಒಂದು ನೇರ ಗೆರೆ ಎಳೆದರೆ, ಟಾರ್ಗೆಟ್ ಆ ಗೆರೆಯ ಎರಡೂ ಕಡೆ ಕಡಿಮೆ ಅಂದರೂ 17 ಡಿಗ್ರಿಯಷ್ಟು ಹೋಗಬೇಕು. 50 ಗಜದ ಹತ್ತಿರ ಲೆಕ್ಕ ಹಾಕಿದರೆ ಗೆರೆಯಿಂದ ಸುಮಾರು 15 ಗಜ ಪಕ್ಕಕ್ಕೆ. ಇದನ್ನು ಎರಡನೇ ತೂತಿನ ಸೆಟ್ಟಿಂಗ್ ಅನ್ನುತ್ತಾರೆ, ಹಳೆಯ ಯಂತ್ರಗಳಲ್ಲಿ ಕಡ್ಡಿ ಸಿಕ್ಕಿಸುವ ತೂತಿನ ನಂಬರ್ ಅದು. ಮೂರನೇ ತೂತಿಗೆ ಹಾಕಿದರೆ ಸುಮಾರು 22 ಡಿಗ್ರಿ, ಅಂದರೆ 20 ಗಜ ಪಕ್ಕಕ್ಕೆ. ಹಿಂದೆ ಅದೇ ನಡೆಯುತ್ತಿತ್ತು, ಹಳಬರು ಇವತ್ತಿಗೂ ಅದಕ್ಕಾಗಿ ವಾದ ಮಾಡುತ್ತಾರೆ.

ನಾನು ಮೊನ್ನೆ ನೋಡಿದ್ದು 17ಕ್ಕಿಂತ ಬಹಳ ಕಡಿಮೆ. ಒಂದನೇ ಪೋಸ್ಟ್‌ನಲ್ಲಿ ನಿಂತವನಿಗೆ ದೂರಕ್ಕೆ ಓಡುವ ಎಡಗಡೆ ಟಾರ್ಗೆಟ್, ಐದನೇ ಪೋಸ್ಟ್‌ನವನಿಗೆ ಬಲಗಡೆಯದು, ಇವೆರಡೇ ಆಟದ ನಿಜವಾದ ಪರೀಕ್ಷೆ. ಅವೇ ಇಲ್ಲದಿದ್ದರೆ ಏನು ಉಳಿಯಿತು?

---

ಸ್ಪ್ರಿಂಗ್ ಬಿಗಿ (ಮಿಷಿಗನ್)

ಬೆಳಿಗ್ಗೆ ಬೇಗ ಎದ್ದು ಟ್ರ್ಯಾಪ್ ಮನೆಗೆ ಇಳಿದು ಸೆಟ್ಟಿಂಗ್ ಮಾಡುವವರಲ್ಲಿ ನಾನೂ ಒಬ್ಬ. ಸಂಬಳ ಇಲ್ಲ, ಕ್ಲಬ್‌ಗೆ ಅಂತ ಮಾಡುತ್ತೇವೆ. ಹಾಗಾಗಿ ಈ ಕಡೆಯಿಂದಲೂ ನಾಲ್ಕು ಮಾತು ಕೇಳಿ.

ಪುಸ್ತಕದಲ್ಲಿ ಗಾಳಿ ಇಲ್ಲದಾಗ ಅಂತ ಬರೆದಿದೆ. ಗಾಳಿ ಇಲ್ಲದ ಬೆಳಿಗ್ಗೆ ನಮಗೆ ಅಪರೂಪ. ಎದುರುಗಾಳಿ ಬಂದರೆ ಕ್ಲೇ ಮೇಲಕ್ಕೆ ಎದ್ದು, ನಿಂತಂತೆ ಆಗಿ, 40 ಗಜಕ್ಕೇ ಬೀಳುತ್ತದೆ. ಹಿಂದಿನಿಂದ ಗಾಳಿ ಬಂದರೆ ನೆಲಕ್ಕೆ ಅದುಮಿ ಓಡಿಸುತ್ತದೆ. ಬಿದ್ದ ಜಾಗ ನೋಡಿ ಸ್ಪ್ರಿಂಗ್ ಬಿಗಿ ಮಾಡಿದರೆ, ಗಾಳಿ ನಿಂತ ಮೇಲೆ ಟಾರ್ಗೆಟ್ 55 ಗಜ ಹೋಗುತ್ತದೆ, ಆಗ ಜಗಳ ಬೇರೆ ಥರ. ಅದಕ್ಕೇ ಈಗ ರೇಡಾರ್ ಗನ್ ಬಳಸುತ್ತೇವೆ. ಗಂಟೆಗೆ 42 ಮೈಲಿ ಸುತ್ತಮುತ್ತ ಇಟ್ಟರೆ ದೂರ ಸರಿ ಬರುತ್ತದೆ. ಆದರೆ ರೇಡಾರ್ ಹಿಡಿಯುವುದರಲ್ಲೂ ತಪ್ಪಾಗಬಹುದು. ಯಂತ್ರದ ಹಿಂದೆ ನೇರ ಗೆರೆಯಲ್ಲಿ ನಿಂತು, ನೆಟ್ಟಗೆ ಹೋಗುವ ಟಾರ್ಗೆಟ್ ಮೇಲೆಯೇ ಹಿಡಿಯಬೇಕು. ಪಕ್ಕಕ್ಕೆ ಹೋಗುವುದರ ಮೇಲೆ ಹಿಡಿದರೆ ಕಡಿಮೆ ತೋರಿಸುತ್ತದೆ, ಆಗ ಸುಮ್ನೆ ಸ್ಪ್ರಿಂಗ್ ಬಿಗಿ ಮಾಡುತ್ತಾ ಹೋಗುತ್ತಾರೆ.

ನೆಲದ ವಿಷಯ ಇನ್ನೊಂದು. ನಮ್ಮ ಎರಡು ಫೀಲ್ಡ್‌ಗಳ ಮುಂದೆ ನೆಲ ಇಳಿಜಾರು. ಅಲ್ಲಿ ಸರಿಯಾದ ಟಾರ್ಗೆಟ್ ಕೂಡ 50 ಗಜ ದಾಟಿ ಬೀಳುತ್ತದೆ. ಗಜದ ಲೆಕ್ಕ ಮಾತ್ರ ನೋಡುವವರು ಬಂದು, ನೀವು ಜೋರಾಗಿ ಬಿಡುತ್ತಿದ್ದೀರಿ ಅನ್ನುತ್ತಾರೆ.

ಆಮೇಲೆ ಯಂತ್ರ. ಬೆಳಿಗ್ಗೆ ತಣ್ಣಗಿದ್ದಾಗ ಸೆಟ್ ಮಾಡಿದ್ದು ಮಧ್ಯಾಹ್ನದ ಬಿಸಿಲಿಗೆ ಹಾಗೇ ಇರುವುದಿಲ್ಲ. ಕ್ಲೇ ಕೂಡ ಡಾಂಬರಿನಂಥ ಪಿಚ್ ಮತ್ತು ಸುಣ್ಣಕಲ್ಲಿನ ಪುಡಿಯಿಂದ ಮಾಡಿದ್ದು, ಬಿಸಿಲಲ್ಲಿ ಇಟ್ಟ ಪೆಟ್ಟಿಗೆಯದೂ ನೆರಳಲ್ಲಿ ಇಟ್ಟದ್ದೂ ಒಂದೇ ಥರ ಒಡೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದನ್ನು ಒಪ್ಪಲೇಬೇಕು. ಕೋನಕ್ಕೆ ಗಾಳಿಯ ನೆಪ ನಡೆಯುವುದಿಲ್ಲ. ಎರಡು ಗೂಟ ನೆಟ್ಟು ಬಾವುಟ ಕಟ್ಟಿದರೆ ಸಾಕು, ಕುರುಡನಿಗೂ ತಿಳಿಯುತ್ತದೆ. ಕೋನ ಕಡಿಮೆ ಇದ್ದರೆ ಯಾರೋ ಬೇಕಂತಲೇ ಇಟ್ಟಿದ್ದಾರೆ, ಇಲ್ಲವೇ ನೋಡುವ ಗೋಜಿಗೇ ಹೋಗಿಲ್ಲ. ಬೇಕಂತಲೇ ಇಡುವುದು ಯಾಕೆ ಅಂತ ನಿಮಗೂ ಗೊತ್ತು. ಸ್ಕೋರ್ ಚೆನ್ನಾಗಿ ಬರುವ ಕ್ಲಬ್‌ಗೆ ಜನ ಜಾಸ್ತಿ ಬರುತ್ತಾರೆ. 90 ಹೊಡೆದವನು ಮನೆಗೆ ಹೋಗಿ ಸುಮ್ಮನಿರುತ್ತಾನೆ, 98 ಹೊಡೆದವನು ಮುಂದಿನ ತಿಂಗಳು ಇಬ್ಬರು ಗೆಳೆಯರನ್ನು ಕರೆದುಕೊಂಡು ಬರುತ್ತಾನೆ. ಎಂಟ್ರಿ ಕಡಿಮೆ ಆದರೆ ಕ್ಲಬ್ ಮುಚ್ಚಬೇಕಾಗುತ್ತದೆ, ನಿಯಮ ಪಾಲಿಸಿದ ಕ್ಲಬ್‌ಗೇ ಶಿಕ್ಷೆ ಆದಂತೆ.

---

ಬಂಕರ್ ಶೂಟರ್ (ಬೆಂಗಳೂರು)

ಈ ಚರ್ಚೆ ಓದಿ ಆಶ್ಚರ್ಯ ಆಯಿತು. ನಾವು ಭಾರತದಲ್ಲಿ ಹೊಡೆಯುವುದು ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ಟ್ರ್ಯಾಪ್, ಒಲಿಂಪಿಕ್ಸ್‌ನಲ್ಲಿ ಇರುವುದು ಅದೇ. ನಾನು ಅಭ್ಯಾಸಕ್ಕೆ ಹೈದರಾಬಾದ್‌ಗೆ ಹೋಗುತ್ತೇನೆ, ದೊಡ್ಡ ಸ್ಪರ್ಧೆ ಅಂದರೆ ದೆಹಲಿ ತುಘಲಕಾಬಾದ್‌ನ ಕರ್ಣಿ ಸಿಂಗ್ ರೇಂಜ್. ನಮ್ಮಲ್ಲಿ ಟಾರ್ಗೆಟ್ ಮೆತ್ತಗೆ ಇತ್ತು ಅನ್ನುವ ದೂರು ಇಷ್ಟು ದೊಡ್ಡದಾಗಿ ಬರುವುದಿಲ್ಲ. ಯಾಕೆ ಅಂತ ಯೋಚಿಸಿದೆ.

ನಮ್ಮ ಬಂಕರ್‌ನಲ್ಲಿ 15 ಯಂತ್ರ ಇರುತ್ತವೆ, ಒಂದೊಂದು ಪೋಸ್ಟ್ ಮುಂದೆ ಮೂರು. ಯಾವುದೂ ಓಲಾಡುವುದಿಲ್ಲ, ಎಲ್ಲವನ್ನೂ ಬಿಗಿದು ನಿಲ್ಲಿಸಿರುತ್ತಾರೆ. ಯಾವ ಯಂತ್ರ ಯಾವ ಕೋನಕ್ಕೆ, ಎಷ್ಟು ಎತ್ತರಕ್ಕೆ ಎಸೆಯಬೇಕು ಅನ್ನುವುದು ಟೇಬಲ್‌ನಲ್ಲಿ ಬರೆದಿರುತ್ತದೆ. ಅಂಥ ಒಂಬತ್ತು ಟೇಬಲ್ ಇವೆ. ದೂರ 76 ಮೀಟರ್, ಒಂದು ಮೀಟರ್ ಆಚೀಚೆ. ಪಕ್ಕದ ಕೋನ 45 ಡಿಗ್ರಿವರೆಗೆ. 10 ಮೀಟರ್ ಮುಂದೆ ಎತ್ತರ ಒಂದೂವರೆಯಿಂದ ಮೂರೂವರೆ ಮೀಟರ್. ಪ್ರತಿ ದಿನ ಸ್ಪರ್ಧೆಗೆ ಮೊದಲು ಜ್ಯೂರಿ ಬಂದು ನೋಡಿ, ಒಪ್ಪಿ, ಸೀಲ್ ಹಾಕುತ್ತಾರೆ. ಆಮೇಲೆ ಯಾರೂ ಮುಟ್ಟುವಂತಿಲ್ಲ.

ಇನ್ನೊಂದು ಮುಖ್ಯ ವಿಷಯ. 25ರ ರೌಂಡ್‌ನಲ್ಲಿ ಪ್ರತಿಯೊಬ್ಬನಿಗೂ 10 ಎಡ, 10 ಬಲ, 5 ಮಧ್ಯ. ಯಾವುದು ಯಾವಾಗ ಬರುತ್ತದೆ ಅಂತ ಗೊತ್ತಿರುವುದಿಲ್ಲ, ಆದರೆ ಕೊನೆಗೆ ಲೆಕ್ಕ ಎಲ್ಲರಿಗೂ ಸಮ. ನಿಮ್ಮ ಓಲಾಡುವ ಯಂತ್ರದಲ್ಲಿ ಒಬ್ಬನಿಗೆ ಸುಲಭದ್ದೇ ನಾಲ್ಕು ಬರಬಹುದು, ಪಕ್ಕದವನಿಗೆ ಕಷ್ಟದ್ದೇ ನಾಲ್ಕು.

ಇದರ ಅರ್ಥ ನಮ್ಮಲ್ಲಿ ಎಲ್ಲಾ ಟೇಬಲ್ ಒಂದೇ ಕಷ್ಟ ಅಂತಲ್ಲ. ಕೆಲವು ಟೇಬಲ್ ಬಂದರೆ ಸ್ಕೋರ್ ಇಳಿಯುತ್ತದೆ, ಶೂಟರ್‌ಗಳು ಗೊಣಗುತ್ತಾರೆ. ಆದರೆ ಟೇಬಲ್ ನಂಬರ್ ಎಲ್ಲರಿಗೂ ಗೊತ್ತಿರುತ್ತದೆ. ಸ್ಕೋರ್ ಓದುವವನು ಅದನ್ನು ಮನಸ್ಸಲ್ಲಿ ಇಟ್ಟುಕೊಂಡು ಓದಬಹುದು. ನಿಮ್ಮ 98ರ ಪಕ್ಕದಲ್ಲಿ ಟಾರ್ಗೆಟ್ ಹೇಗಿತ್ತು ಅನ್ನುವ ಮಾಹಿತಿ ಏನಾದರೂ ಇರುತ್ತದಾ?

ಶಿಸ್ತಿನ ವಿಷಯದಲ್ಲೂ ಮುಚ್ಚುಮರೆ ಇಲ್ಲ. ಹಳದಿ ಕಾರ್ಡ್ ಎಚ್ಚರಿಕೆ, ಹಸಿರು ಕಾರ್ಡ್ ಅಂಕ ಕಡಿತ, ಕೆಂಪು ಕಾರ್ಡ್ ಹೊರಗೆ. ತೋಟಾದಲ್ಲಿ ಸೀಸ 24.5 ಗ್ರಾಂ ದಾಟಬಾರದು, ಅನುಮಾನ ಬಂದರೆ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡುತ್ತಾರೆ.

---

ಹದಿನಾರು ಗಜ

ಬಂಕರ್ ಶೂಟರ್ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ: ಇರುವುದಿಲ್ಲ. ಸ್ಕೋರ್ ಮಾತ್ರ ದಾಖಲೆಗೆ ಹೋಗುತ್ತದೆ, ಟಾರ್ಗೆಟ್‌ನ ಅಳತೆ ಆ ಸಂಜೆಗೇ ಮರೆತುಹೋಗುತ್ತದೆ.

ಆದರೆ 15 ಯಂತ್ರ, ಜ್ಯೂರಿ, ಸೀಲ್ ಇದೆಲ್ಲ ನಮ್ಮ ಹಳ್ಳಿ ಕ್ಲಬ್‌ಗಳಿಗೆ ಆಗದ ಮಾತು. ಇಲ್ಲಿ ಆಟ ಬೆಳೆದದ್ದೇ ಸಣ್ಣ ಕ್ಲಬ್‌ಗಳಿಂದ. ಒಂದು ಯಂತ್ರ, ಒಂದು ತಗ್ಗು ಮನೆ, ಸ್ಕೋರ್ ಬರೆಯಲು ಊರಿನ ಒಬ್ಬ ಹುಡುಗ ಇದ್ದರೆ ಶೂಟ್ ನಡೆಯುತ್ತದೆ. ಅದೇ ನಿಯಮದಲ್ಲಿ ಇಲಿನಾಯ್‌ನ ಸ್ಪಾರ್ಟಾದಲ್ಲಿ ಎಟಿಎಯ ದೊಡ್ಡ ಸ್ಪರ್ಧೆ ಗ್ರ್ಯಾಂಡ್ ಅಮೆರಿಕನ್ ಕೂಡ ನಡೆಯುತ್ತದೆ. ಅಲ್ಲಿ 120 ಟ್ರ್ಯಾಪ್ ಫೀಲ್ಡ್ ಸಾಲಾಗಿ, ಈ ತುದಿಯಿಂದ ಆ ತುದಿ ಕಾಣುವುದಿಲ್ಲ. 2006ರಲ್ಲಿ ಅಲ್ಲಿಗೆ ಬಂದದ್ದು, ಅದಕ್ಕೆ ಮೊದಲು ಓಹಾಯೊದ ವಂಡೇಲಿಯದಲ್ಲಿ ದಶಕಗಳ ಕಾಲ ನಡೆಯುತ್ತಿತ್ತು. ಒಂದು ಯಂತ್ರದ ಕ್ಲಬ್‌ನ ಸ್ಕೋರ್ ಹಿಡಿದುಕೊಂಡೇ ಜನ ಅಲ್ಲಿಗೆ ಹೋಗಿ ಕ್ಲಾಸ್ ಪ್ರಕಾರ ಸ್ಪರ್ಧಿಸುತ್ತಾರೆ. ಹಾಗಾಗಿ ಸಣ್ಣ ಕ್ಲಬ್‌ನ ಸೆಟ್ಟಿಂಗ್ ಸಣ್ಣ ವಿಷಯ ಅಲ್ಲವೇ ಅಲ್ಲ.

ನಾನು ಕೇಳುವುದು ದುಡ್ಡು ಖರ್ಚಾಗದ ಒಂದು ಕೆಲಸ. ಬೆಳಿಗ್ಗೆ ಅಳೆದದ್ದನ್ನು ಬರೆದು ಬೋರ್ಡ್‌ಗೆ ಹಚ್ಚಿ. ಯಾವ ಟ್ರ್ಯಾಪ್, ರೇಡಾರ್ ಎಷ್ಟು ತೋರಿಸಿತು, ಎತ್ತರ ಎಷ್ಟು, ಕೋನಕ್ಕೆ ಗೂಟ ನೆಟ್ಟು ನೋಡಿದ್ದು ಯಾರು, ಎಷ್ಟು ಗಂಟೆಗೆ. ಕೊಡಗಿನವರು ಹೇಳಿದ ಹಾಗೆ ಎಲ್ಲರ ಎದುರು ಆದರೆ ಅರ್ಧ ಜಗಳ ಅಲ್ಲೇ ಮುಗಿಯಿತು. ಸ್ಕೋರ್ ಕಳಿಸುವಾಗ ಅದರ ಒಂದು ಪ್ರತಿ ಜೊತೆಗೆ ಹೋಗಲಿ.

---

ಇಪ್ಪತ್ತೇಳರ ಗೆರೆ (ಟೆಕ್ಸಾಸ್)

ನೀವೆಲ್ಲ ಟಾರ್ಗೆಟ್ ಹಿಡಿದುಕೊಂಡಿದ್ದೀರಿ. ನನಗೆ ಅದಕ್ಕಿಂತ ಜಾಸ್ತಿ ಸಿಟ್ಟು ಬರುವುದು ಬೇಕಂತಲೇ ತಪ್ಪಿಸುವವರ ಮೇಲೆ. 95 ಹೊಡೆದು ಕೊನೆಯ ಎರಡು ಟಾರ್ಗೆಟ್ ಗಾಳಿಗೆ ಬಿಡುತ್ತಾರೆ, ಯಾಕೆಂದರೆ 96 ಆದರೆ ಹಿಂದೆ ಹೋಗಬೇಕು. ಮುಂದೆಯೇ ನಿಂತಿದ್ದು, ದೊಡ್ಡ ಮೊತ್ತ ಇರುವ ಶೂಟ್ ಬಂದಾಗ ಮಾತ್ರ ನಿಜವಾದ ಕೈ ತೋರಿಸುತ್ತಾರೆ. ನಿಯಮದಲ್ಲಿ ಇದು ಸ್ಪಷ್ಟವಾಗಿ ತಪ್ಪು. ಆದರೆ ಸಾಬೀತು ಮಾಡುವುದು ಹೇಗೆ? ಯಾರು ಬೇಕಾದರೂ ಟಾರ್ಗೆಟ್ ತಪ್ಪಿಸಬಹುದು, ಅದು ಕೈ ತಪ್ಪಿದ್ದೋ ಮನಸ್ಸು ತಪ್ಪಿದ್ದೋ ಅಂತ ಹೇಳುವವರು ಯಾರು?

ನಾನು 27ರ ಗೆರೆಗೆ ಬರಲು ಎಷ್ಟೋ ವರ್ಷ ತೆಗೆದುಕೊಂಡೆ. ಒಂದೊಂದು ಅರ್ಧ ಗಜವನ್ನೂ ದುಡಿದು ಪಡೆದದ್ದು. ಅದನ್ನು ತಪ್ಪಿಸಿಕೊಳ್ಳಲು ಆಟ ಆಡುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

---

ಹದಿನಾರು ಗಜ

ಸರ್, ನಿಮ್ಮ ಸಿಟ್ಟು ನ್ಯಾಯವೇ. ಆದರೆ ಇವೆರಡೂ ಬೇರೆ ಬೇರೆ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಒಬ್ಬ ಒಂದು ಕ್ಲಬ್‌ನಲ್ಲಿ 89, ಇನ್ನೊಂದರಲ್ಲಿ 97 ಹೊಡೆದರೆ ಎಲ್ಲರೂ ಅವನನ್ನೇ ಅನುಮಾನಿಸುತ್ತಾರೆ. ಆ ಎರಡು ಕ್ಲಬ್‌ಗಳ ಟಾರ್ಗೆಟ್ ಒಂದೇ ಇತ್ತು ಅಂತ ಗೊತ್ತಿದ್ದರೆ ಅನುಮಾನಕ್ಕೆ ಅರ್ಥ ಇದೆ. ಅಳತೆಯೇ ಇಲ್ಲದಿದ್ದರೆ ಕಳ್ಳನಿಗೂ ಅದೇ ನೆಪ, ಸಾಚಾ ಮನುಷ್ಯನಿಗೂ ಅದೇ ಕೆಟ್ಟ ಹೆಸರು. ಟಾರ್ಗೆಟ್ ಸರಿ ಮಾಡಿದ ಮೇಲೆಯೇ ನಿಮ್ಮ ದೂರಿಗೆ ಬಲ ಬರುವುದು.

---

ಕೋವಿಮನೆ

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಂದು ಗಲಾಟೆ ಆಯಿತಲ್ಲ, ಬ್ರಿಟನ್ ಹುಡುಗಿಯದು, ಅದೂ ಟ್ರ್ಯಾಪ್ ತಾನೆ?

---

ಬಂಕರ್ ಶೂಟರ್

ಅದು ಸ್ಕೀಟ್, ಟ್ರ್ಯಾಪ್ ಅಲ್ಲ. ಸ್ಕೀಟ್‌ನಲ್ಲಿ ಎರಡು ಮನೆಗಳಿಂದ ಟಾರ್ಗೆಟ್ ಅಡ್ಡಲಾಗಿ ಹೋಗುತ್ತವೆ. ಆದರೆ ಹೊಡೆತ ಬಿತ್ತು, ಬೀಳಲಿಲ್ಲ ಅನ್ನುವ ನಿಯಮ ಎರಡಕ್ಕೂ ಒಂದೇ, ಹಾಗಾಗಿ ಇಲ್ಲಿ ಹೇಳಬಹುದು.

2024ರ ಆಗಸ್ಟ್ 4, ಶಾಟೋರೂ ರೇಂಜ್. ಫೈನಲ್‌ನಲ್ಲಿ ಚಿಲಿಯ ಫ್ರಾನ್ಸಿಸ್ಕಾ ಕ್ರೊವೆಟ್ಟೊ, ಬ್ರಿಟನ್ನಿನ ಆ್ಯಂಬರ್ ರಟ್ಟರ್ ಇಬ್ಬರೂ 60ಕ್ಕೆ 55. ಸಮ ಆದದ್ದಕ್ಕೆ ನಡೆದ ಶೂಟ್-ಆಫ್‌ನಲ್ಲಿ ರಟ್ಟರ್ ಹೊಡೆದ ಒಂದು ಟಾರ್ಗೆಟ್ ಅನ್ನು ರೆಫರಿ ಮಿಸ್ ಅಂದರು. ಆಕೆ ಅಲ್ಲೇ ಪ್ರಶ್ನಿಸಿದರು. ಟಿವಿಯಲ್ಲಿ ನಿಧಾನವಾಗಿ ತೋರಿಸಿದಾಗ ತಗುಲಿದಂತೆ ಕಾಣುತ್ತಿತ್ತು. ಆದರೆ ಅಲ್ಲಿ ವಿಡಿಯೊ ನೋಡಿ ತೀರ್ಮಾನಿಸುವ ವ್ಯವಸ್ಥೆ ಇರಲಿಲ್ಲ. ಕ್ರೊವೆಟ್ಟೊಗೆ ಚಿನ್ನ, ರಟ್ಟರ್‌ಗೆ ಬೆಳ್ಳಿ. ಕ್ರೊವೆಟ್ಟೊ ಅವರದು ಏನೂ ತಪ್ಪಿಲ್ಲ, ಚಿಲಿಯ ಮಹಿಳೆಯೊಬ್ಬರಿಗೆ ಒಲಿಂಪಿಕ್ಸ್‌ನಲ್ಲಿ ಸಿಕ್ಕ ಮೊದಲ ಚಿನ್ನ ಅದು. ಅದರ ಮೇಲೂ ನೆರಳು ಬಿದ್ದದ್ದು ನನಗೆ ಬೇಜಾರು. ಹೆರಿಗೆಯಾಗಿ ಮೂರು ತಿಂಗಳಿಗೇ ಬಂದು ಆ ಮಟ್ಟದಲ್ಲಿ ಹೊಡೆದ ರಟ್ಟರ್‌ಗೂ ಅನ್ಯಾಯ ಆಯಿತು ಅನ್ನಿಸುತ್ತದೆ.

ನಿಯಮ ಹೀಗಿದೆ: ಟಾರ್ಗೆಟ್‌ನಿಂದ ಕಣ್ಣಿಗೆ ಕಾಣುವ ಒಂದು ಚೂರಾದರೂ ಬೇರೆಯಾಗಬೇಕು. ಬರೀ ಧೂಳು ಎದ್ದರೆ ಅದು ಹಿಟ್ ಅಲ್ಲ. ಬಿದ್ದ ಟಾರ್ಗೆಟ್ ಎತ್ತಿ ತಂದು ತೂತು ತೋರಿಸಿದರೂ ನಡೆಯುವುದಿಲ್ಲ. ಎಟಿಎಯಲ್ಲೂ ಇದೇ ಅಲ್ವಾ?

---

ಸ್ಪ್ರಿಂಗ್ ಬಿಗಿ

ಹೌದು, ಇಲ್ಲೂ ಅದೇ. ಧೂಳು ಲೆಕ್ಕಕ್ಕಿಲ್ಲ. ಇಲ್ಲಿನ ತೊಂದರೆ ಏನೆಂದರೆ, ತೀರ್ಪು ಹೇಳುವವನು ಬಹಳ ಸಲ ಹೈಸ್ಕೂಲ್ ಹುಡುಗ. ಮೂವತ್ತು ವರ್ಷ ಹೊಡೆದ ದೊಡ್ಡ ಮನುಷ್ಯ ತಿರುಗಿ ಗುರಾಯಿಸಿದರೆ ಆ ಮಗು ಏನು ಮಾಡಬೇಕು? ನಮ್ಮ ಕ್ಲಬ್‌ನಲ್ಲಿ ಒಬ್ಬರು ಹೀಗೆ ಗದರಿ, ಹುಡುಗ ಅಳು ನುಂಗಿಕೊಂಡು ಸ್ಕೋರ್ ಬದಲಾಯಿಸಿದ. ನಾವು ಆ ದಿನವೇ ಅವರನ್ನು ಕರೆದು, ಇನ್ನು ಮುಂದೆ ಹೀಗೆ ಮಾಡಿದರೆ ಮನೆಗೆ ಕಳಿಸುತ್ತೇವೆ ಅಂತ ಹೇಳಿದೆವು. ಹಳೆಯ ಸದಸ್ಯರು, ಆದರೂ ಹೇಳಿದೆವು. ನಿಯಮ ಜಾರಿ ಅಂದರೆ ನನ್ನ ಮಟ್ಟಿಗೆ ಮೊದಲು ಇದು.

ಸ್ಕೋರ್ ಬಗ್ಗೆ ತಕರಾರು ಇದ್ದರೆ ಅಲ್ಲೇ, ಆಗಲೇ, ಮುಂದಿನ ಶಾಟ್‌ಗೆ ಮೊದಲೇ ಹೇಳಬೇಕು. ಸಂಜೆ ಕಾಫಿ ಕುಡಿಯುತ್ತಾ, ನನ್ನ ಮೂರನೇ ರೌಂಡ್‌ನ ಹದಿನೆಂಟನೇ ಟಾರ್ಗೆಟ್ ಒಡೆದಿತ್ತು ಅಂದರೆ ಯಾರೂ ಏನೂ ಮಾಡಲು ಆಗುವುದಿಲ್ಲ. ಹಾಳೆಯಲ್ಲಿ ಸರಿಯಾಗಿ ಬರೆದಿದ್ದಾರಾ ಅಂತ ನೋಡಿಕೊಳ್ಳುವ ಜವಾಬ್ದಾರಿ ಕೂಡ ಶೂಟರ್‌ದೇ.

---

ಇಪ್ಪತ್ತೇಳರ ಗೆರೆ

ಇದಕ್ಕೆ ಇನ್ನೊಂದು ಸೇರಿಸಿ. ಟಾರ್ಗೆಟ್ ತಪ್ಪಾಗಿದೆ ಅನ್ನಿಸಿದರೆ ಹೊಡೆಯಬೇಡಿ. ಕೋವಿ ಇಳಿಸಿ, ತಿರುಗಿ, ಬೇಡ ಅನ್ನಿ. ನಿಯಮದ ಆಚೆ ಹೋದ ಟಾರ್ಗೆಟ್ ಅನ್ನು ನಿರಾಕರಿಸುವ ಹಕ್ಕು ನಿಮಗಿದೆ. ಆದರೆ ಒಮ್ಮೆ ಹೊಡೆದರೆ ಮುಗಿಯಿತು, ಒಡೆದರೂ ನಿಮ್ಮದು, ತಪ್ಪಿದರೂ ನಿಮ್ಮದು. ಒಡೆದೇ ಹೊರಬಂದ ಕ್ಲೇ ಮಾತ್ರ ಬೇರೆ, ಅದಕ್ಕೆ ಗುಂಡು ಹಾರಿಸಿದರೂ ಲೆಕ್ಕವಿಲ್ಲ, ಹೊಸದು ಕೊಡುತ್ತಾರೆ. ಎಷ್ಟೋ ಜನ ಮೊದಲು ಹೊಡೆದು, ತಪ್ಪಿದ ಮೇಲೆ ಟಾರ್ಗೆಟ್ ಸರಿ ಇರಲಿಲ್ಲ ಅನ್ನುತ್ತಾರೆ. ಅಂಥವರಿಂದಾಗಿ ನಿಜವಾದ ದೂರು ಕೊಡುವವರ ಮಾತಿಗೂ ಬೆಲೆ ಇಲ್ಲದಂತಾಗಿದೆ.

ನಮ್ಮ ಕೂಗು ಕೇಳಿ ಟಾರ್ಗೆಟ್ ಬಿಡಿಸುವ ಮೈಕ್ ಬಗ್ಗೆ ಯಾರೂ ಬರೆದಿಲ್ಲ. ಪಕ್ಕದವನ ಕೂಗಿಗೋ, ಖಾಲಿ ತೋಟಾ ಬಿದ್ದ ಸದ್ದಿಗೋ ಟಾರ್ಗೆಟ್ ಹಾರಿಬಿಡುತ್ತದೆ. ಮನಸ್ಸು ಸಿದ್ಧವಾಗುವ ಮೊದಲೇ ಬಂದದ್ದನ್ನು ಅಭ್ಯಾಸ ಬಲದಿಂದ ಹೊಡೆದುಬಿಡುತ್ತೇವೆ. ಅಲ್ಲೂ ಇದೇ ಮಾತು: ಹೊಡೆಯದೆ ಇರುವುದನ್ನು ಕಲಿಯಬೇಕು.

---

ಬಂಕರ್ ಶೂಟರ್

ವಿಡಿಯೊ ವಿಷಯಕ್ಕೆ ಬರುತ್ತೇನೆ. ದೊಡ್ಡ ಫೈನಲ್‌ನಲ್ಲಿ ಅದು ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಫೈನಲ್ ಟಾರ್ಗೆಟ್ ಒಳಗೆ ಬಣ್ಣದ ಪುಡಿ ತುಂಬಿರುತ್ತಾರೆ, ಒಡೆದಾಗ ಮೋಡದ ಹಾಗೆ ಏಳುತ್ತದೆ, ಪ್ರೇಕ್ಷಕರಿಗೆ ಚೆನ್ನಾಗಿ ಕಾಣಲಿ ಅಂತ. ಆದರೆ ಅಂಚಿಗೆ ಒಂದೆರಡು ಗುಂಡು ತಗುಲಿ ಸಣ್ಣ ಚೂರು ಹಾರಿದರೆ ಪುಡಿ ಬರಲೇಬೇಕು ಅಂತಿಲ್ಲ. ಆಗ ರೆಫರಿಯ ಕಣ್ಣು, ಪಕ್ಕದ ರೆಫರಿಗಳ ಕಣ್ಣು, ಅಷ್ಟೇ ಗತಿ. ಪ್ಯಾರಿಸ್‌ನಲ್ಲಿ ಹಿಟ್, ಮಿಸ್ ಬಗ್ಗೆ ರೆಫರಿ ಹೇಳಿದ್ದೇ ಕೊನೆ ಆಗಿತ್ತು, ಮೇಲ್ಮನವಿ ಇರಲಿಲ್ಲ. ನಾಲ್ಕು ವರ್ಷದ ದುಡಿಮೆ ಒಂದು ಕ್ಷಣದ ಕಣ್ಣೋಟದ ಮೇಲೆ ನಿಲ್ಲುವಾಗ, ಕ್ಯಾಮೆರಾ ಅಲ್ಲೇ ಇದ್ದೂ ನೋಡಲಿಲ್ಲ ಅನ್ನುವುದು ಸರಿಯಲ್ಲ.

ಕ್ಲಬ್ ಮಟ್ಟದಲ್ಲಿ ಕ್ಯಾಮೆರಾ ಬೇಡ, ಆಗುವುದೂ ಇಲ್ಲ. ಅಲ್ಲಿಗೆ ನೀವು ಹೇಳಿದ ಬೋರ್ಡ್ ಸಾಕು.

---

ಸ್ಪ್ರಿಂಗ್ ಬಿಗಿ

ನಿನ್ನೆ ನಮ್ಮ ಕ್ಲಬ್ ಸಭೆಯಲ್ಲಿ ಈ ಬೋರ್ಡ್ ವಿಷಯ ಎತ್ತಿದೆ. ಇಬ್ಬರು ವಿರೋಧ ಮಾಡಿದರು, ಬರೆದು ಹಚ್ಚಿದರೆ ದೂರು ಕೊಡುವವರಿಗೆ ನಾವೇ ಸಾಕ್ಷಿ ಕೊಟ್ಟ ಹಾಗೆ ಅಂತ. ನಾನು ಹೇಳಿದೆ, ಸರಿಯಾಗಿ ಸೆಟ್ ಮಾಡಿದ್ದರೆ ಆ ಸಾಕ್ಷಿ ನಮ್ಮ ಪರವೇ ಅಲ್ವಾ. ಕೊನೆಗೆ ಒಪ್ಪಿದರು. ಮುಂದಿನ ಶೂಟ್‌ನಿಂದ ಪ್ರತಿ ಟ್ರ್ಯಾಪ್‌ನ ರೇಡಾರ್, ಎತ್ತರ, ಕೋನ ಬರೆದು ಹಚ್ಚುತ್ತೇವೆ, ಅಳೆದವರ ಸಹಿ ಇರುತ್ತದೆ. ಬೆಳಿಗ್ಗೆ ಅಳೆಯುವಾಗ ಯಾರು ಬೇಕಾದರೂ ಬಂದು ನಿಂತು ನೋಡಬಹುದು. ಕೋನದ ಗೂಟಗಳನ್ನು ಶೂಟ್ ಮುಗಿಯುವವರೆಗೂ ಕೀಳುವುದಿಲ್ಲ.

ಒಂದು ಪ್ರಶ್ನೆ ಮಾತ್ರ ಇತ್ಯರ್ಥ ಆಗಲಿಲ್ಲ. ಅರ್ಧ ಸ್ಕ್ವಾಡ್‌ಗಳು (ಒಟ್ಟಿಗೆ ನಿಂತು ಹೊಡೆಯುವ ಗುಂಪುಗಳು) ಹೊಡೆದ ಮೇಲೆ ಸ್ಪ್ರಿಂಗ್ ಸಡಿಲ ಆಗಿರುವುದು ಗೊತ್ತಾದರೆ ಏನು ಮಾಡುವುದು? ಸರಿ ಮಾಡಿದರೆ ಮೊದಲು ಹೊಡೆದವರಿಗೆ ಸುಲಭದ್ದು, ಆಮೇಲಿನವರಿಗೆ ಕಷ್ಟದ್ದು. ಸರಿ ಮಾಡದಿದ್ದರೆ ತಪ್ಪು ಟಾರ್ಗೆಟ್ ಬಿಡುತ್ತಿದ್ದೇವೆ ಅಂತ ಗೊತ್ತಿದ್ದೂ ಬಿಟ್ಟ ಹಾಗೆ.

---

ಹದಿನಾರು ಗಜ

ಬಹಳ ಸಂತೋಷ ಆಯಿತು, ನಿಜವಾಗಿ ಹೇಳುತ್ತಿದ್ದೇನೆ. ನಾನು ಬರೆದಾಗ ಯಾವುದಾದರೂ ಒಂದು ಕ್ಲಬ್ ಇಷ್ಟು ಬೇಗ ಒಪ್ಪುತ್ತದೆ ಅಂದುಕೊಂಡಿರಲಿಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಸರಿ ಮಾಡಿ. ಆದರೆ ಒಬ್ಬ ಶೂಟರ್ ಗೊಣಗಿದ ಅಂತ ಮುಟ್ಟಬೇಡಿ. ಸ್ಕ್ವಾಡ್ ಮುಗಿಯುವವರೆಗೆ ಕಾಯಿರಿ, ಮೊದಲು ರೇಡಾರ್ ಹಿಡಿಯಿರಿ. ಸಂಖ್ಯೆ ಬೆಳಗಿನದೇ ಇದ್ದರೆ ಅದು ಗಾಳಿ, ಸ್ಪ್ರಿಂಗ್ ಅಲ್ಲ, ಹಾಗೇ ಬಿಡಿ. ಸಂಖ್ಯೆ ಇಳಿದಿದ್ದರೆ ಬೆಳಗಿನ ಸಂಖ್ಯೆಗೆ ತನ್ನಿ, ಅದಕ್ಕಿಂತ ಒಂದು ಕೂದಲೂ ಜಾಸ್ತಿ ಬೇಡ. ಎಷ್ಟು ಗಂಟೆಗೆ, ಯಾವ ಸ್ಕ್ವಾಡ್ ಆದ ಮೇಲೆ, ಎಷ್ಟರಿಂದ ಎಷ್ಟಕ್ಕೆ ಅಂತ ಅದೇ ಹಾಳೆಯ ಕೆಳಗೆ ಬರೆಯಿರಿ. ಮೊದಲು ಹೊಡೆದವರ ಸ್ಕೋರ್ ಹಾಗೇ ಉಳಿಯುತ್ತದೆ, ಅವರನ್ನು ಮತ್ತೆ ಹೊಡೆಸುವುದು ಬೇಡ. ಆಮೇಲಿನವರಿಗೆ ಬೇಜಾರಾಗುತ್ತದೆ, ಆದರೆ ಯಾಕೆ ಹೀಗಾಯಿತು ಅಂತ ಆ ಟ್ರ್ಯಾಪ್‌ನ ಸಾಲಿನಲ್ಲಿ ಓದಲು ಸಿಗುತ್ತದೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಂದು ಸಲ ಎಲ್ಲಾ ಟ್ರ್ಯಾಪ್ ಮತ್ತೆ ಅಳೆಯಿರಿ. ಬಿಸಿಲಿಗೆ ಸ್ಪ್ರಿಂಗ್ ಬದಲಾಗುವುದು ಆ ಹೊತ್ತಿಗೇ ಸಿಕ್ಕಿಬೀಳುತ್ತದೆ. ನಾನು ಆ ಶೂಟ್‌ಗೆ ಬರುತ್ತೇನೆ, ಎತ್ತರದ ಕಂಬ ಹಿಡಿಯಲು ಒಬ್ಬರು ಬೇಕಾದರೆ ಬೆಳಿಗ್ಗೆಯೇ ಬಂದು ನಿಲ್ಲುತ್ತೇನೆ.